ಬಳಪದ ರುಚಿ

ಈ ಸಂಗತಿಯನ್ನು ಬರೆಯಬೇಕೇ ಬೇಡವೇ ಎಂದು ಬಹುಕಾಲ ಯೋಚಿಸಿದೆನು. ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ, ತಲೆ ನರೆತ ಹೆಂಗಸೊಬ್ಬಳು ತಾನು ಬಳಪವನ್ನು ಕದ್ದು ತಿನ್ನುತ್ತಿದ್ದೆನೆಂದು ಹೇಳಿಕೊಳ್ಳುವುದು ಅಷ್ಟೇನೂ ಗೌರವದ ಮಾತಲ್ಲ. ಆದರೆ ಕಳೆದ ಧನುರ್ಮಾಸದಲ್ಲಿ ನಡೆದ ಒಂದು ಸಣ್ಣ ಪ್ರಸಂಗವು ನನ್ನ ಸಂಕೋಚವನ್ನು ಬಿಡಿಸಿತು. ಅದನ್ನು ಕಡೆಯಲ್ಲಿ ಹೇಳುವೆನು.

ಅದು 1994ನೆಯ ಇಸವಿ. ನಾವು ಹಾಸನ ಜಿಲ್ಲೆಯ ಒಂದು ಹಳ್ಳಿಯಲ್ಲಿದ್ದೆವು. ನಮ್ಮ ಯಜಮಾನರು ಅಲ್ಲಿನ ಶಾಲೆಯ ಉಪಾಧ್ಯಾಯರು. ಬಡ ಮಕ್ಕಳಿಗೆ ಕೊಡಲೆಂದು ತಮ್ಮ ಸಂಬಳದಿಂದಲೇ ಬಳಪದ ಪೆಟ್ಟಿಗೆಗಳನ್ನು ಕೊಂಡುತಂದು ಪಡಸಾಲೆಯ ಗೂಡಿನಲ್ಲಿ ಇಡುತ್ತಿದ್ದರು. ನನಗೆ ಆಗ ಎರಡನೆಯ ಬಸಿರು. ಚೊಚ್ಚಲ ಮಗುವಿಗೆ ಇನ್ನೂ ಒಂದೂವರೆ ವರ್ಷ ತುಂಬಿರಲಿಲ್ಲ. ಅದಕ್ಕೆ ಹಾಲು ಬಿಡಿಸಿದ್ದೇ ಆಗ. ಒಂದು ಮಧ್ಯಾಹ್ನ ಗೂಡನ್ನು ಒರೆಸುವಾಗ ಮುರಿದ ಬಳಪದ ತುಂಡೊಂದು ಕೈಗೆ ಸಿಕ್ಕಿತು. ಅದರ ವಾಸನೆ ಮೂಗಿಗೆ ತಾಕಿದೊಡನೆ, ಕಾದ ಗೋಡೆಯ ಮೇಲೆ ಮೊದಲ ಮಳೆಯ ಹನಿ ಬಿದ್ದಂತಾಗಿ, ಬಾಯೆಲ್ಲ ನೀರೂರಿತು. ಸುತ್ತ ನೋಡಿ ಬಾಯಿಗೆ ಹಾಕಿಕೊಂಡೆನು.

ಅದಕ್ಕೆ ರುಚಿಯೆಂಬುದೇನೂ ಇಲ್ಲ. ಹಲ್ಲಿಗೆ ಸಿಕ್ಕಿದಾಗ ಒಂದು ಬಗೆಯ ಕರಕರ, ಆಮೇಲೆ ನಾಲಗೆಗೆ ಅಂಟುವ ನುಣುಪು, ಅಷ್ಟೇ. ಆದರೂ ಒಂದು ವಾರದೊಳಗಾಗಿ ದಿನಕ್ಕೆ ಒಂದಾಗಿದ್ದುದು ನಾಲ್ಕಾಯಿತು. ತಿಂಗಳು ತುಂಬುವಷ್ಟರಲ್ಲಿ ಹತ್ತು ಹನ್ನೆರಡಾಯಿತು. ಸೆರಗಿನ ಗಂಟಿನಲ್ಲಿ ಯಾವಾಗಲೂ ಎರಡು ತುಂಡು ಇದ್ದೇ ಇರಬೇಕು. ಅನ್ನ ಬೇಡ, ಸಾರು ಬೇಡ. ರಾತ್ರಿ ಎಚ್ಚರವಾದರೆ ಗೂಡಿನ ಕಡೆಗೇ ಮನಸ್ಸು. ಇದು ಬಾಯಿಚಪಲವೆಂದು ಹೇಳುವವರು ಅದನ್ನು ಅನುಭವಿಸಿದವರಲ್ಲ. ಬಾಯಾರಿದವನು ನೀರನ್ನು ನೆನೆಯುವಂತೆ ನಾನು ಅದನ್ನು ನೆನೆಯುತ್ತಿದ್ದೆನು. ದೇವರ ಮುಂದೆ ಆಣೆಯಿಟ್ಟುಕೊಂಡದ್ದೂ ಉಂಟು. ಆ ಆಣೆ ನಿಂತದ್ದು ಮೂರು ದಿವಸ. ನಾಲ್ಕನೆಯ ದಿವಸ ಬಳಪದ ಜೊತೆಗೆ ಆಣೆ ಮುರಿದ ಪಾಪವೂ ಸೇರಿ, ಯಾರಿಗಾದರೂ ಹೇಳಿಕೊಳ್ಳುವ ಬಾಗಿಲು ಮತ್ತಷ್ಟು ಭದ್ರವಾಗಿ ಮುಚ್ಚಿಹೋಯಿತು.

ನಮ್ಮ ಅತ್ತೆಯವರು ಒಂದು ದಿನ ಬಟ್ಟೆ ಒಗೆಯುವಾಗ ಸೆರಗಿನ ಗಂಟನ್ನು ಬಿಚ್ಚಿ ನೋಡಿದರು. ಬೈಗುಳಕ್ಕೆ ಸಿದ್ಧಳಾಗಿ ತಲೆ ತಗ್ಗಿಸಿ ನಿಂತೆನು. ಅವರು ನಕ್ಕುಬಿಟ್ಟರು! "ಬಸುರಿ ಬಯಕೆ ಕಣೇ ಇದು. ನಿನ್ನ ಗಂಡ ಹೊಟ್ಟೇಲಿದ್ದಾಗ ನಾನು ಒಲೆಯ ಮಣ್ಣು ಕೆರೆದು ತಿಂತಿದ್ದೆ. ಬಯಕೆ ತೀರಿಸದಿದ್ದರೆ ಮಗೂಗೆ ಕುಂದು," ಎಂದರು. ಅಲ್ಲಿಂದ ಮುಂದೆ ಅವರೇ ಕುಂಬಾರರ ಮನೆಯಿಂದ ಸುಟ್ಟ ಜೇಡಿಮಣ್ಣಿನ ಬಿಲ್ಲೆಗಳನ್ನು ತಂದುಕೊಡಲಾರಂಭಿಸಿದರು. ಅವರ ಪ್ರೀತಿಯಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲ. ಹಾಗೆ ನೋಡಿದರೆ ನಮ್ಮ ಹಿರಿಯರು ಈ ಬಯಕೆಯನ್ನು ಮುದ್ದಿನಿಂದಲೇ ಕಂಡವರು. ಕಾಳಿದಾಸನ ರಘುವಂಶದ ಮೂರನೆಯ ಸರ್ಗದಲ್ಲಿ ಗರ್ಭಿಣಿಯಾದ ಸುದಕ್ಷಿಣೆಯು ಮಣ್ಣನ್ನು ತಿನ್ನುವಳು. ಅವಳ ಬಾಯಿಯ ಮಣ್ಣಿನ ಕಂಪಿಗೆ ದಿಲೀಪ ಮಹಾರಾಜನು ಮರುಳಾಗುವನು. ಬಾಲಕೃಷ್ಣನು ಮಣ್ಣು ತಿಂದ ಕಥೆಯನ್ನಂತೂ ಹೇಳಬೇಕಾದುದಿಲ್ಲ. ಯಶೋದೆಗೆ ಮಗನ ಬಾಯಲ್ಲಿ ಬ್ರಹ್ಮಾಂಡವೇ ಕಂಡಿತು. ನನ್ನ ಬಾಯನ್ನು ತೆರೆಸಿ ನೋಡಿದವರಿಗೆ ಕಂಡದ್ದು ಬಿಳುಚಿಕೊಂಡ ನಾಲಗೆ.

ಏಳನೆಯ ತಿಂಗಳಲ್ಲಿ ನೀರಿನ ಕೊಡವನ್ನು ಹೊತ್ತು ಬಾವಿಯ ಮೆಟ್ಟಿಲನ್ನು ಹತ್ತುತ್ತಿದ್ದವಳಿಗೆ ಕಣ್ಣು ಕತ್ತಲಿಟ್ಟಿತು. ಮೆಟ್ಟಿಲ ಮೇಲೆಯೇ ಕುಸಿದೆನು. ತಾಲ್ಲೂಕು ಆಸ್ಪತ್ರೆಗೆ ಗಾಡಿಯಲ್ಲಿ ಮಲಗಿಸಿಕೊಂಡು ಹೋದರು. ವೈದ್ಯೆಯಾದ ಮಹನೀಯಳು ನನ್ನ ಕೆಳರೆಪ್ಪೆಯನ್ನು ಎಳೆದು ನೋಡಿ, ಉಗುರನ್ನು ಒತ್ತಿ ನೋಡಿ, "ಮಣ್ಣು, ಬಳಪ, ಹಸಿ ಅಕ್ಕಿ ಏನಾದರೂ ತಿನ್ನುತ್ತೀಯೇನಮ್ಮ?" ಎಂದು ಕೇಳಿದರು. ಯಜಮಾನರು ಪಕ್ಕದಲ್ಲಿಯೇ ನಿಂತಿದ್ದರು. "ಇಲ್ಲ" ಎಂದೆನು. ಆಕೆ ಮತ್ತೇನೂ ಕೇಳದೆ, ಯಾವುದೋ ಚೀಟಿಯ ನೆವ ಹೇಳಿ ಯಜಮಾನರನ್ನು ಹೊರಕ್ಕೆ ಕಳುಹಿಸಿ, ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು, "ದಿನಕ್ಕೆ ಎಷ್ಟು ತಿನ್ನುತ್ತೀಯಾ?" ಎಂದರು. ತಿನ್ನುವೆಯಾ ಎಂಬ ಪ್ರಶ್ನೆಗೆ ಸುಳ್ಳು ಸಿದ್ಧವಿತ್ತು. ಎಷ್ಟು ಎಂಬುದಕ್ಕೆ ಇರಲಿಲ್ಲ. ಅಳುತ್ತಾ ಎಲ್ಲವನ್ನೂ ಹೇಳಿದೆನು. ಹಳ್ಳಿಯ ದಾದಿಯು ಕೊಟ್ಟಿದ್ದ ಕಬ್ಬಿಣದ ಗುಳಿಗೆಗಳನ್ನು, ಮಗು ಕಪ್ಪಾಗುವುದೆಂಬ ನೆರೆಹೊರೆಯವರ ಮಾತನ್ನು ನಂಬಿ ತಿಪ್ಪೆಗೆ ಎಸೆದುದನ್ನೂ ಹೇಳಿದೆನು.

ಗರ್ಭಿಣಿಯ ರಕ್ತದಲ್ಲಿ ಹಿಮೋಗ್ಲೋಬಿನ್ ಎಂಬ ಕೆಂಪು ದ್ರವ್ಯವು ಡೆಸಿಲೀಟರಿಗೆ 11 ಗ್ರಾಮಿಗೆ ಕಡಿಮೆಯಿರಬಾರದು. 7ಕ್ಕಿಂತ ಇಳಿದರೆ ತೀವ್ರವಾದ ರಕ್ತಹೀನತೆ. ನನ್ನದು 6.4 ಇತ್ತು. ವೈದ್ಯೆ ನಿಧಾನವಾಗಿ ತಿಳಿಸಿದರು: ಮೈಯಲ್ಲಿ ಕಬ್ಬಿಣದ ಅಂಶ ಬತ್ತಿದಾಗ ಕೆಲವರಿಗೆ ಹೀಗೆ ತಿನ್ನಬಾರದ್ದನ್ನು ತಿನ್ನುವ ಹಂಬಲವುಂಟಾಗುವುದು. ಮಣ್ಣಿಗೆ, ಬಳಪಕ್ಕೆ, ಸುಣ್ಣಕ್ಕೆ, ಬೂದಿಗೆ, ಹಸಿ ಅಕ್ಕಿಗೆ, ಮಂಜುಗಡ್ಡೆಗೆ ಮನಸ್ಸು ಹರಿಯುವುದು. ಅವುಗಳಿಂದ ಆ ಕೊರತೆ ತುಂಬುವುದಿಲ್ಲ. ಜೇಡಿಮಣ್ಣಂತೂ ಅನ್ನದಲ್ಲಿರುವ ಕಬ್ಬಿಣವನ್ನೂ ಹೊಟ್ಟೆಯಲ್ಲಿ ಹಿಡಿದಿಟ್ಟುಕೊಂಡು ರಕ್ತಕ್ಕೆ ಸೇರಗೊಡದು. ಮಣ್ಣಿನೊಡನೆ ಜಂತುವಿನ ಮೊಟ್ಟೆಗಳೂ ಕೆಲವೆಡೆ ಸೀಸವೂ ಹೊಟ್ಟೆಗೆ ಹೋಗುವುದುಂಟು. ಸೀಸವು ಗರ್ಭದ ಶಿಶುವಿನ ಮಿದುಳಿಗೂ ಕೇಡು. ಅತ್ತೆಯವರು ಕುಂಬಾರರ ಮನೆಗೆ ಹೋಗಿಬರುತ್ತಿದ್ದುದೆಲ್ಲ ನೆನಪಾಗಿ ಎದೆ ನಡುಗಿತು.

ಈ ವ್ಯಾಧಿಗೆ ಪಾಶ್ಚಾತ್ಯ ವೈದ್ಯರು ಪೈಕಾ ಎಂದು ಹೆಸರಿಟ್ಟಿರುವರು. ಲ್ಯಾಟಿನ್ ಭಾಷೆಯಲ್ಲಿ ಅದು ಕಂಡಕಂಡದ್ದನ್ನು ತಿನ್ನುವುದೆಂದು ಹೆಸರಾದ ಒಂದು ಹಕ್ಕಿಯ ಹೆಸರಂತೆ. ನಮ್ಮ ಚರಕಸಂಹಿತೆಯು ಪಾಂಡುರೋಗದ ಐದು ಬಗೆಗಳಲ್ಲಿ ಮಣ್ಣು ತಿನ್ನುವುದರಿಂದ ಬರುವುದನ್ನು ಒಂದಾಗಿ ಎಣಿಸಿದೆ. ಪಾಂಡುವಿಗೆ ಲೋಹದ ಔಷಧಗಳನ್ನೂ ಹೇಳಿದೆ. ಮಣ್ಣು ತಿಂದುದರಿಂದ ರಕ್ತ ಕುಂದಿತೇ, ರಕ್ತ ಕುಂದಿದುದರಿಂದ ಮಣ್ಣು ಬೇಕೆನಿಸಿತೇ ಎಂದು ಕೇಳಿದರೆ, ನನ್ನ ಮಟ್ಟಿಗೆ ಎರಡೂ ಸರಿ. ಇದೆಲ್ಲಕ್ಕೂ ಕಬ್ಬಿಣದ ಕೊರತೆಯೊಂದೇ ಕಾರಣವೆಂದು ತಿಳಿಯಬಾರದು. ಎರಡು ವರ್ಷದೊಳಗಿನ ಕೂಸು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವುದು ಸಹಜ. ಬುದ್ಧಿಯ ಬೆಳವಣಿಗೆ ಕುಂಠಿತವಾದ ಮಕ್ಕಳಲ್ಲಿ ಈ ಚಾಳಿ ಬೇರೆ ಕಾರಣಗಳಿಂದಲೂ ಬರುವುದು, ಅದರ ಉಪಾಯವೂ ಬೇರೆ.

ನನಗೆ ಒಂದು ಬಾಟಲಿ ರಕ್ತವನ್ನು ಕೊಟ್ಟರು. ಸೊಂಟಕ್ಕೆ ಕಬ್ಬಿಣದ ಚುಚ್ಚುಮದ್ದು, ಆಮೇಲೆ ಗುಳಿಗೆ. ಮನೆಗೆ ಮರಳಿದಾಗ ಪಡಸಾಲೆಯ ಗೂಡು ಬರಿದಾಗಿತ್ತು. ಯಜಮಾನರು ಪೆಟ್ಟಿಗೆಗಳನ್ನೆಲ್ಲ ಶಾಲೆಗೆ ಸಾಗಿಸಿದ್ದರು. ಆ ವಿಷಯವಾಗಿ ಅಂದೂ ಮುಂದೆಯೂ ಒಂದು ಮಾತನ್ನೂ ಆಡಲಿಲ್ಲ. ಮೊದಲ ವಾರ ಬಲು ಕಷ್ಟವಾಯಿತು. ಹಂಬಲ ಬಂದಾಗ ಒಣ ನೆಲ್ಲಿಕಾಯಿಯ ಚೂರನ್ನು ಬಾಯಲ್ಲಿಟ್ಟುಕೊಂಡು, ಮಗುವನ್ನೆತ್ತಿಕೊಂಡು ಹಿತ್ತಲಿಗೆ ಹೋಗಿಬಿಡುತ್ತಿದ್ದೆನು. ಅಲೆ ಬಂದಂತೆ ಬರುವುದು, ಸ್ವಲ್ಪ ಹೊತ್ತು ತಾಳಿದರೆ ಇಳಿಯುವುದು. ಊಟದ ಜೊತೆಗೂ ಗುಳಿಗೆಯ ಜೊತೆಗೂ ಕಾಫಿ ಕೂಡದು, ಅದು ಕಬ್ಬಿಣವನ್ನು ಮೈಗೆ ಹತ್ತಗೊಡದೆಂದು ವೈದ್ಯೆ ಹೇಳಿದ್ದರು. ನಿಜ ಹೇಳಬೇಕೆಂದರೆ, ಹಾಸನದ ಸೀಮೆಯವಳಿಗೆ ಬಳಪವನ್ನು ಬಿಡುವುದಕ್ಕಿಂತ ಊಟವಾದೊಡನೆ ಕುಡಿಯುವ ಕಾಫಿಯನ್ನು ಬಿಡುವುದೇ ಕಷ್ಟ! ಅತ್ತೆಯವರು ಬಿಲ್ಲೆಗಳನ್ನು ಹಿತ್ತಲಿಗೆಸೆದು, ನುಗ್ಗೆಸೊಪ್ಪು, ಹುರುಳಿ, ರಾಗಿ ಎಂದು ಬಲವಂತ ಮಾಡತೊಡಗಿದರು. ಎರಡನೆಯ ವಾರ ಕಳೆದ ಮೇಲೆ ಒಂದು ಸಂಜೆ ಯಜಮಾನರ ಅಂಗಿಯನ್ನು ಝಾಡಿಸುವಾಗ ಬಳಪದ ಪುಡಿ ಉದುರಿತು. ಮೂಗಿಗೆ ತಾಕಿದ್ದು ಬರಿಯ ಧೂಳು. ರಕ್ತ ಇನ್ನೂ ತುಂಬಿರಲಿಲ್ಲ; ಹಂಬಲ ಮಾತ್ರ ಹೋಗಿತ್ತು.

ಮಗಳು ಹುಟ್ಟಿದಾಗ ತೂಕ ಎರಡು ಕಿಲೋ ನೂರು ಗ್ರಾಂ. ಅತ್ತೆಯವರು ಆ ಕೂಸನ್ನು ಮೂರು ತಿಂಗಳು ತಮ್ಮ ಎದೆಗವಚಿಕೊಂಡೇ ಬೆಳೆಸಿದರೆನ್ನಬಹುದು. ಈಗ ಅವರಿಲ್ಲ.

ಈಗ ಗರ್ಭಿಣಿಯರಿಗೆ ಸರ್ಕಾರದಿಂದ 60 ಮಿಲಿಗ್ರಾಂ ಕಬ್ಬಿಣದ ಕೆಂಪು ಗುಳಿಗೆಯನ್ನು ದಿನಕ್ಕೊಂದರಂತೆ 180 ದಿನ, ಹೆರಿಗೆಯ ಮೇಲೆ ಮತ್ತೆ 180 ದಿನ ಕೊಡುವರು. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿ ರಕ್ತಹೀನರೆಂದು ಕಂಡುಬಂದಿತು. ತಿಪ್ಪೆಗೆ ಬೀಳುವ ಗುಳಿಗೆ ಎಷ್ಟೋ!

ಇನ್ನು ಆ ಧನುರ್ಮಾಸದ ಪ್ರಸಂಗ. ಮಗಳು ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವಳು. ಒಂದು ರಾತ್ರಿ ಫೋನಿನಲ್ಲಿ ಮಾತನಾಡುತ್ತಿರುವಾಗ ಕಟಕಟನೆ ಏನನ್ನೋ ಕಡಿಯುವ ಸದ್ದು ಕೇಳಿಸಿತು.

"ಏನೇ ಅದು?"

"ಐಸು, ಅಮ್ಮಾ. ಸ್ವಲ್ಪ ಸೆಖೆ."

ಆ ಚಳಿಯಲ್ಲಿ ಸೆಖೆ! ನನಗೆ ಬಾವಿಯ ಮೆಟ್ಟಿಲು ಕಣ್ಣ ಮುಂದೆ ಬಂದಿತು. ಬಯ್ಯಲಿಲ್ಲ. "ದಿನಕ್ಕೆ ಎಷ್ಟು ಲೋಟ ತಿನ್ನುತ್ತೀಯಾ?" ಎಂದು ಕೇಳಿದೆನು. ಕಡಿಯುವ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ, "ಐದಾರು" ಎಂದಳು.

ಮರುದಿನವೇ ರಕ್ತವನ್ನು ಪರೀಕ್ಷೆ ಮಾಡಿಸಿಕೊಂಡಳು, ಹಿಮೋಗ್ಲೋಬಿನ್ 8.2 ಎಂದು ಬಂದಿತು. ತಿಂಗಳ ಮುಟ್ಟಿನಲ್ಲಿ ಅತಿಯಾಗಿ ರಕ್ತ ಹೋಗುತ್ತಿದ್ದುದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಈಗ ಚಿಕಿತ್ಸೆ ನಡೆಯುತ್ತಿದೆ. "ಐಸಿನ ಸದ್ದು ಕೇಳಿದರೆ ನಿನಗೆ ಹೇಗೆ ತಿಳಿಯಿತಮ್ಮ?" ಎಂದು ಕೇಳಿದಳು. ಅಂದು ರಾತ್ರಿ ಮೊದಲ ಬಾರಿಗೆ, ಬಳಪದ ಈ ಕಥೆಯನ್ನು ಅವಳಿಗೆ ಹೇಳಿದೆನು.