ಹಾಲಿನ ರೊಕ್ಕ, ಎರಡ ಗಾಡಿ

ಈ ಸಲ ಅಡಗಿ ಅಲ್ಲ, ಹಬ್ಬ ಅಲ್ಲ, ಗಾಡಿ ವಿಷಯ ಬರೀತೀನಿ. ನಗಬ್ಯಾಡ್ರಿ. ಸ್ಕೂಟಿ ಸೈತ ನಡಸಾಕ ಬರದ ಹೆಣಮಗಳು ಬಿಎಂಡಬ್ಲ್ಯು, ಆಡಿ ಬಗ್ಗೆ ಏನ ಬರೀತಾಳ ಅಂತೀರಿ. ಆದ್ರ 2023ರ ದೀಪಾವಳಿ ಆದಮ್ಯಾಲ ಎರಡ ಹಳೇ ಗಾಡ್ಯಾಗ ಒಂದನ್ನ ಆರಿಸೂ ಪಾಳಿ ನನಗ ಬಂತು. ಆಗ ಕಲತದ್ದು ನಿಮ್ಮ ಮನಿಗೂ ಉಪಯೋಗಕ್ಕ ಬಂದೀತು ಅಂತ ಬರಿಯಾಕತ್ತೀನಿ.

ನಮ್ಮ ಮಗ ಬೆಳಗಾವ್ಯಾಗ ಇಂಜಿನಿಯರಿಂಗ್ ಕಲತು, ಪುಣ್ಯಾದಾಗ ನಾಕ ವರ್ಷ ನೌಕರಿ ಮಾಡಿ, ತಿರಗಿ ಊರಿಗೆ ಬಂದಾನ. ಚಿಕ್ಕೋಡ್ಯಾಗ ಹನಿ ನೀರಾವರಿ ಪೈಪಿನ ಅಂಗಡಿ ಇಟ್ಟಾನ, ಧಂಧೆ ಚಲೋ ನಡದೈತಿ. ಆದ್ರ ವಯಸ್ಸು 31 ಆತು. ಹೆಣ್ಣ ನೋಡಾಕ ಹತ್ತಿ ಮೂರ ವರ್ಷಾತು. ನಮ್ಮ ಕಡೆ ಪರಿಸ್ಥಿತಿ ನಿಮಗ ಹೇಳಬೇಕಾಗಿಲ್ಲ. ಎಷ್ಟ ಎಕರೆ ಕಬ್ಬ ಇರಲಿ, ಹುಡುಗ ಊರಾಗ ಇರ್ತಾನ ಅಂದ್ರ ಹೆಣ್ಣಿನವರು ಚಾ ಕುಡಿಸಿ "ಆಮ್ಯಾಲ ಫೋನ್ ಮಾಡ್ತೀವ್ರಿ" ಅಂತಾರ. ಅಥಣಿ ಕಡೆ ಒಂದ ಮನಿಗೆ ನಾವು ಅಂಗಡಿ ಪಿಕಪ್‌ನ್ಯಾಗ ಹೋಗಿದ್ವಿ. ಹುಡಗಿ ಮಾವ ಹೊರಗ ಬಂದು ಹಿಂದ ಪೈಪ ಇದ್ದದ್ದ ನೋಡಿ, "ಮನಿಗೆ ಬ್ಯಾರೆ ಗಾಡಿ ಇಲ್ಲೇನ್ರಿ?" ಅಂದ. ನಮ್ಮ ಮಗ ಅವತ್ತ ಊಟಾನೂ ಮಾಡಲಿಲ್ಲ.

ಅದಾಗಿ ಒಂದ ವಾರಕ್ಕ ನನ್ನ ಹತ್ರ ಬಂದು ಕುಂತ. "ಅವ್ವಾ, ಸೆಕೆಂಡ್ ಹ್ಯಾಂಡ್ ಆದ್ರೂ ಚಿಂತಿಲ್ಲ, ಒಂದ ಸ್ಪೋರ್ಟ್ ಸೆಡಾನ್ ತೊಗೊಳ್ತೀನಿ. ನನ್ನ ಹತ್ರ 10 ಲಕ್ಷ ಐತಿ. ಹಳೇ ಗಾಡಿಗೆ ಬ್ಯಾಂಕ್ ಬಡ್ಡಿ ಜಾಸ್ತಿ. ನೀ 5 ಲಕ್ಷ ಕೊಟ್ರ ತಿಂಗಳಾ ತಿಂಗಳಾ ತೀರಿಸ್ತೀನಿ" ಅಂದ.

ನನ್ನ 5 ಲಕ್ಷ ಅಂದ್ರ ಹಾಲಿನ ರೊಕ್ಕ. ಮೂರ ಎಮ್ಮಿ ಕಟ್ಟಿ, ಹದಿನೆಂಟ ವರ್ಷ ನಸಕಿನ್ಯಾಗ ಎದ್ದು ಹಿಂಡಿ, ಡೈರಿ ಬಿಲ್ಲಿನಾಗ ಉಳಿಸಿ ಎಫ್‌ಡಿ ಇಟ್ಟದ್ದು. ನಾಳೆ ಮುದಕಿ ಆದಾಗ ಯಾರ ಮುಂದೂ ಕೈ ಚಾಚಬಾರದು ಅಂತ ಇಟ್ಟಿದ್ದೆ. ಕೊಡೂದಿಲ್ಲ ಅನ್ನಾಕ ಬಾಯಿ ಬರಲಿಲ್ಲ, ಕೊಡ್ತೀನಿ ಅನ್ನಾಕ ಮನಸ ಬರಲಿಲ್ಲ. ಒಂದ ರಾತ್ರಿ ವಿಚಾರ ಮಾಡಿ, "ಕೊಡ್ತೀನಿ, ಆದ್ರ ಗಾಡಿ ನಾನೂ ನೋಡಾಂವ್ಳು" ಅಂದೆ. ನಮ್ಮ ಮನಿಯವರು ನಕ್ಕು, "ಏನ ನೋಡ್ತಿ, ಬಣ್ಣ ಏನ?" ಅಂದ್ರು. "ಎಮ್ಮಿ ನೋಡಿದಂಗ ನೋಡ್ತೀನಿ" ಅಂದೆ.

ಖರೇನ ಅಂದದ್ದು. ನಮ್ಮಪ್ಪ ಸಂತ್ಯಾಗ ಎಮ್ಮಿ ತೊಗೊಳ್ಳುವಾಗ ಮೈ ಹೊಳಪ ನೋಡ್ತಿದ್ದಿಲ್ಲ. ಹಲ್ಲ ನೋಡ್ತಿದ್ದ, ಗೊರಸ ನೋಡ್ತಿದ್ದ. ಮಾರೂ ಮಂದಿ ಹಿಂದಿನ ಹೊತ್ತ ಹಾಲ ಹಿಂಡದ ಬಿಟ್ಟು ಕೆಚ್ಚಲ ದೊಡ್ಡದ ಕಾಣಂಗ ಮಾಡ್ತಾರ. ಅದಕ್ಕ ಅಪ್ಪ "ಎರಡ ಹೊತ್ತ ನಾನ ನಿಂತ ಹಿಂಡಿಸಿ ತೊಗೊಳ್ತೀನಿ" ಅಂತಿದ್ದ. ಹಳೇ ಗಾಡಿದೂ ಹಂಗ. ನಾವ ತೊಗೊಳ್ಳೂದು ಬರೇ ಗಾಡಿ ಅಲ್ರಿ, ಮೊದಲಿನ ಮಾಲಕ ಅದನ್ನ ಹ್ಯಾಂಗ ಇಟ್ಟಿದ್ದ ಅನ್ನೂದನ್ನೂ ಕೂಡೇ ತೊಗೊಳ್ತೀವಿ.

ಮಗ ಎರಡ ಗಾಡಿ ಹುಡಕಿಟ್ಟಿದ್ದ. ಒಂದು ಬಿಎಂಡಬ್ಲ್ಯು 320ಡಿ, 2016ರದ್ದು, ಮಹಾರಾಷ್ಟ್ರದ ಪಾಸಿಂಗ್, ಗಡಿ ಆಚೆ ಒಬ್ಬ ಹಳೇ ಗಾಡಿ ಮಾರಾವನ ಹತ್ರ, ಹದಿನೈದೂವರಿ ಲಕ್ಷ. ಇನ್ನೊಂದು ಆಡಿ ಎ4, 2015ರದ್ದು, ನಮ್ಮ ಕೆಎ-23 ಪಾಸಿಂಗ್, ನಿಪ್ಪಾಣ್ಯಾಗ ಒಬ್ಬ ವಯಸ್ಸಾದ ಡಾಕ್ಟರ ಮನಿದು, 15 ಲಕ್ಷ. ಎರಡೂ ಡೀಸೆಲ್, ಎರಡೂ ಎರಡ ಲೀಟರ್ ಇಂಜಿನ್. ಬಿಎಂಡಬ್ಲ್ಯುಕ್ಕ 190, ಆಡಿಗೆ 177 ಹಾರ್ಸ್ ಪವರ್. ಹೆಸರ ಜರ್ಮನಿದು ಖರೆ, ಆದ್ರ ಒಂದನ್ನ ಚೆನ್ನೈದಾಗ ಜೋಡಸ್ತಾರ, ಇನ್ನೊಂದನ್ನ ಔರಂಗಾಬಾದಿನ್ಯಾಗ. "ಮತ್ತ ಫರಕ ಏನೋ?" ಅಂದೆ. "ಅವ್ವಾ, ಆಡಿ ಎತ್ತಿನ ಗಾಡಿ ಇದ್ದಂಗ, ಮುಂದಿನ ಗಾಲಿ ಎಳೀತಾವ. ಬಿಎಂಡಬ್ಲ್ಯು ಟ್ರ್ಯಾಕ್ಟರ್ ಇದ್ದಂಗ, ಹಿಂದಿನ ಗಾಲಿ ನೂಕ್ತಾವ. ನಡಸೂ ಮಜಾ ಅದರಾಗ" ಅಂದ. ಅವನ ಜೀವ ಬಿಎಂಡಬ್ಲ್ಯುದಾಗ ಐತಿ ಅಂತ ಆವಾಗ ತಿಳೀತು. ನನಗ ಹೇಳದ 50 ಸಾವಿರ ಸಂಚಗಾರಾನೂ ಕೊಟ್ಟ ಬಂದಿದ್ದ.

ಮೊದಲ ಅದನ್ನ ನೋಡಾಕ ಹೋದ್ವಿ. ಏನ ಛಂದ ಇತ್ರಿ! ಕರೀ ಬಣ್ಣ, ಕನ್ನಡಿ ಹಂಗ ಹೊಳೀತಿತ್ತು. ನಮ್ಮ ಮನಿಯವರು ಸೈತ ಸುಮ್ಮನಾದ್ರು. ನನಗ ಮಾತ್ರ ಒಂದ ಸಂಶೇ. ಅಂಥಾದ ಗಾಡಿಗೆ ಮಗನ ಮೊಬೈಲಿನ್ಯಾಗ ಬ್ಯಾರೇದವರು 19-20 ಲಕ್ಷ ಹೇಳಿದ್ರು. ಇಂವ ಯಾಕ ನಾಕ ಲಕ್ಷ ಕಮ್ಮಿ ಹೇಳ್ತಾನ? ಸಂತ್ಯಾಗ ಅಗ್ಗದ ಎಮ್ಮಿ ಕಂಡ್ರ ಅಪ್ಪ ಎರಡ ಹೆಜ್ಜಿ ಹಿಂದ ಸರೀತಿದ್ದ.

ಒಳಗ ಕುಂತ್ರ ಸೆಂಟಿನ ಘಮಾ ಘಮಾ. "ಕಾಜ ಏರಸ್ರಿ, ಎಸಿ ಹಚ್ರಿ, ಹತ್ತ ನಿಮಿಷ ಹಿಂಗ ಕೂಡ್ತೀನಿ" ಅಂದೆ. ಮಾರಾಂವ ನಕ್ಕೊಂತ ಹಚ್ಚಿದ. ಐದ ನಿಮಿಷದಾಗ ಸೆಂಟಿನ ತಳಗಿಂದ ಇನ್ನೊಂದ ವಾಸನಿ ಬಂತು. ನನ್ನ ಮೈ ಜುಮ್ಮಂತು.

ನನ್ನ ತವರಮನಿ ಯಡೂರ, ಕೃಷ್ಣಾ ದಂಡಿ. 2019ರ ಆಗಸ್ಟಿನ ಮಹಾಪೂರದಾಗ ನಮ್ಮಣ್ಣನ ಮನಿ ಎಂಟ ದಿನ ನೀರಾಗ ನಿಂತಿತ್ತು. ನೀರ ಇಳದಮ್ಯಾಲ ನಾ ಹೋಗಿ ಅವ್ವನ ಟ್ರಂಕ ತಗದೆ. ಅಕಿ ಲಗ್ನದ ಇಳಕಲ್ಲ ಸೀರಿ ರಾಡ್ಯಾಗ ಕಲಸಿ ಹೋಗಿತ್ತು. ಎಷ್ಟ ನೀರಾಗ ತೊಳದೆ, ಎಷ್ಟ ಬಿಸಲಿಗೆ ಹಾಕಿದೆ, ಬಣ್ಣ ಉಳೀತು, ವಾಸನಿ ಹೋಗಲಿಲ್ಲ. ಅವ್ವ ಈಗ ಇಲ್ಲ. ಆ ಸೀರಿ ನನ್ನ ಕಪಾಟಿನ್ಯಾಗ ಐತಿ. ಮಳಿಗಾಲದಾಗ ಕಪಾಟ ತಗದ್ರ ಅದ ವಾಸನಿ ಬರ್ತೈತಿ. ಹೊಳಿ ರಾಡಿ ಒಣಗಿ ಮುಗ್ಗಿದ ವಾಸನಿ. ಮಾಂಜರಿ, ಕಲ್ಲೋಳ, ಉಗಾರ, ಜುಗೂಳ ಕಡೆಯವರಿಗೆ ನಾ ಬಿಡಿಸಿ ಹೇಳೂದ ಬ್ಯಾಡ.

ಆ ವಾಸನಿ ಬಿಎಂಡಬ್ಲ್ಯುದಾಗ ಬಂತ್ರಿ.

ನಾ ಸೀಟಿನ ಬೆಲ್ಟ ಪೂರಾ, ಕಡೀತನಕಾ ಜಗ್ಗಿದೆ. ಮಂದಿ ಕೈ ಹತ್ತೂವಷ್ಟ ಸ್ವಚ್ಛ ಇತ್ತು, ಒಳಗ ಸುತ್ತಿದ್ದ ಭಾಗಕ್ಕ ಒಂದ ಗೆರಿ, ಅದರ ತಳಗ ಬಣ್ಣಾನ ಬ್ಯಾರೆ. ಕಾಲಾಗಿನ ಚಾಪಿ ಎತ್ತಿ ಸೀಟಿನ ತಳಗ ಕೈ ಹಾಕಿದೆ, ನಟ್ಟಿಗೆ ಜಂಗ ಹತ್ತಿತ್ತು. ಡಿಕ್ಕಿ ತಗಸಿದೆ. ಈ ಗಾಡಿ ಬ್ಯಾಟರಿ ಬಾನೆಟಿನ್ಯಾಗ ಇರೂದಿಲ್ಲ, ಡಿಕ್ಕಿನ್ಯಾಗ ಇರ್ತೈತಿ. ಅದರ ಮೂಲ್ಯಾಗ ಬಟ್ಟ ಒರಸಿ ನೋಡಿದೆ, ಹಿಟ್ಟಿನಂಥಾ ಸಣ್ಣ ಮಣ್ಣು. ರಸ್ತೆ ಧೂಳ ಅಲ್ಲ ಅದು, ಹೊಳಿ ಮಣ್ಣು.

"ಅಣ್ಣಾ, ಈ ಗಾಡಿ ನೀರಾಗ ನಿಂತಿತ್ತಲ್ಲ?" ಅಂದೆ. "ನಾಹೀ ಹೋ ಮಾವಶಿ" ಅಂತ ಅಂದ, ಆದ್ರ ನನ್ನ ಮುಖ ನೋಡಲಿಲ್ಲ.

ಮಗ ಸಿಟ್ಟಾದ. ಕೋಗನೋಳಿ ಟೋಲ್‌ತನಕಾ ಮಾತಿಲ್ಲ. ಟೋಲ್ ದಾಟಿದಮ್ಯಾಲ, "ನಿನ್ನ ಮೂಗ ನಂಬಿ ಗಾಡಿ ಬಿಡಬೇಕೇನು?" ಅಂದ. ನಾ ಏನೂ ಅನಲಿಲ್ಲ. ಅಥಣಿ ಅಂಗಳದಾಗ ಅವನ ಮುಖ ಸಣ್ಣ ಆದದ್ದು ನನಗ ನೆನಪಿತ್ತು. ಇವತ್ತ ನಾನೂ ಸಣ್ಣದ ಮಾಡಿದೆ ಅನಸ್ತು. "ಬ್ಯಾಡ ಮಗಾ, ಮೂಗ ನಂಬಬ್ಯಾಡ. ತಿಳದಾವನ್ನ ಕರಕೊಂಡ ಹೋಗಿ ಕಾಗದ ನೋಡು" ಅಂದೆ.

ಮಾರನೆ ದಿನ ಅಂವ ಒಬ್ಬ ಮೆಕ್ಯಾನಿಕ್‌ನ ಕರಕೊಂಡ ಹೋದ. ಅಂವ ಲ್ಯಾಪಟಾಪ್ ಹಚ್ಚಿ ನೋಡಿ, ವಾಯರ ಜೋಡಣಿ ಬಿಚ್ಚಿ ತೋರಸಿದ, ಒಳಗ ಹಸರ ಕಿಲಬ ಹತ್ತಿತ್ತು. ಇಂಥಾ ಗಾಡ್ಯಾಗ ಅಲ್ಲಲ್ಲೆ ಸಣ್ಣ ಕಂಪ್ಯೂಟರ ಇರ್ತಾವ. ನೀರ ಹೊಕ್ಕದ್ದು ಇವತ್ತ ಗೊತ್ತಾಗೂದಿಲ್ಲ, ವರ್ಷದ ಮ್ಯಾಲ ಒಂದೊಂದ ಕೈ ಕೊಡ್ತಾವ. ಇನ್ಸೂರನ್ಸ್ ಕಾಗದದಾಗ ಇನ್ನೊಂದ ಸಿಕ್ತು. ವರ್ಷಾನಗಟ್ಟಲೆ ಕ್ಲೇಮ್ ಮಾಡದ ಗಾಡಿಗೆ ನೋ ಕ್ಲೇಮ್ ಬೋನಸ್ ಅಂತ ಸೂಟ ಕೊಡ್ತಾರ, ಮೊದಲ ವರ್ಷಕ್ಕ ನೂರಕ್ಕ 20, ಐದ ವರ್ಷಕ್ಕ 50. ಈ ಗಾಡಿಗೆ ಸೊನ್ನಿ. ಮೆಕ್ಯಾನಿಕ್ ಹೇಳಿದ್ದ ಕೇಳ್ರಿ: ರಿಪೇರಿ ಖರ್ಚು ಇನ್ಸೂರನ್ಸ್ ಕಟ್ಟಿದ ಕಿಮ್ಮತ್ತಿನ ನೂರಕ್ಕ 75 ದಾಟಿದ್ರ ಕಂಪನಿಯವರು ಪೂರಾ ನುಕಸಾನ ಅಂತ ಲೆಕ್ಕ ಮುಗಸ್ತಾರ, ಗಾಡಿ ಗುಜರಿ ಲೆಕ್ಕದಾಗ ಮಾರಾಟ ಆಗ್ತೈತಿ. ಅದನ್ನ ಯಾರರೆ ಕೊಂಡು, ಒಣಗಿಸಿ, ಸೀಟ ಬದಲಿಸಿ, ಮತ್ತ ಬಜಾರಿಗೆ ತರ್ತಾರ. 2019ರಾಗೂ 2021ರಾಗೂ ಕೊಲ್ಲಾಪುರ, ಸಾಂಗಲಿ ಕಡೆ ಎಷ್ಟ ಗಾಡಿ ಮುಳಗಿದ್ದು ನಾವ ಟಿವ್ಯಾಗ ನೋಡಿದ್ದ ಐತಿ. ನಮ್ಮ ಯಮಗರ್ಣಿ ಹತ್ರ ವೇದಗಂಗಾ ನೀರ ಹೈವೇ ಮ್ಯಾಲ ಬಂದಿತ್ತಲ್ಲ. ರಿಪೇರಿ ಮಾಡಿ ಮಾರೂದು ತಪ್ಪಲ್ಲ. ಹೇಳದ ಮಾರೂದು ತಪ್ಪು.

ಸಂಚಗಾರದ 50 ಸಾವಿರದಾಗ ಜಗಳಾಡಿ 30 ಸಾವಿರ ತಿರಗಿ ಬಂತು. ಉಳದದ್ದು ಹೋತು. ಎಣಿಸಿ ನೋಡಿದ್ರ ಅದ ಅಗ್ಗ ಗಾಡಿ ಆಗಿರತಿದ್ದಿಲ್ಲ. ಆ ರಾಜ್ಯದ ಆರ್‌ಟಿಓದಿಂದ ಫಾರ್ಮ್ 28 ಹಾಕಿ ಎನ್‌ಓಸಿ ತರಬೇಕು, ನಮ್ಮಲ್ಲಿ ಗಾಡಿ ವಯಸ್ಸ ನೋಡಿ ಲೈಫ್ ಟ್ಯಾಕ್ಸ್ ಮತ್ತ ತುಂಬಬೇಕು, ಕೆಎ ನಂಬರ ಮಾಡಿಸಬೇಕು. ಬ್ಯಾರೆ ರಾಜ್ಯದ ನಂಬರಿನ ಮ್ಯಾಲ 12 ತಿಂಗಳಿಗಿಂತ ಹೆಚ್ಚ ಇಟ್ಟಕೊಳ್ಳಾಕ ಕಾಯ್ದೆ ಬಿಡೂದಿಲ್ಲ. "ಎಂಎಚ್ ಗಾಡಿ ಅಗ್ಗ" ಅಂತ ಓಡೂ ಹುಡುಗರಿಗೆ ಇದನ್ನ ಹೇಳ್ರಿ.

ಆಮ್ಯಾಲ ನಿಪ್ಪಾಣಿಗೆ ಹೋದ್ವಿ. ಬೆಳಿಗ್ಗೆ ಏಳಕ್ಕ ಹೋದ್ವಿ, ಇಂಜಿನ್ ತಣ್ಣಗಿದ್ದಾಗ ಚಾಲೂ ಮಾಡಿ ನೋಡಬೇಕಂತ. ಸಂಜಿಕ ಇನ್ನೊಮ್ಮಿ ಹೋದ್ವಿ. ಎರಡ ಹೊತ್ತ ಹಿಂಡಿದಂಗಾತು. ಆಡಿ ಬೂದಿ ಬಣ್ಣ, ಅಷ್ಟೇನ ಹೊಳಪಿಲ್ಲ. ಡಾಕ್ಟರ ಮನಿಯಾಕಿ ಚಾ ಕೊಟ್ರು, ಡಾಕ್ಟರು ಒಂದ ಫೈಲ್ ತಂದಿಟ್ರು. ಎಂಟ ವರ್ಷದ ಒಂದೊಂದ ಸರ್ವಿಸ್ ಬಿಲ್, ಕಿಲೋಮೀಟರ ಸುದ್ದಾ. ನಾವ ಕೇಳೂಕಿಂತ ಮೊದಲ ಅವರ ಹೇಳಿದ್ರು: "ಮುಂದಿನ ಬಂಪರ ಒಮ್ಮಿ ಬಣ್ಣ ಹಚ್ಚೇತ್ರಿ, ನಮ್ಮ ಗೇಟಿಗೆ ಬಡದಿತ್ತು. ನಾಕೂ ಟೈರ ಬದಲಿಸಬೇಕಾಗ್ತೈತಿ." ತಪ್ಪ ತಾವ ಹೇಳೂ ಮಾರಾಟಗಾರನ್ನ ನಾ ಅವತ್ತ ನೋಡಿದೆ.

ಮೆಕ್ಯಾನಿಕ್ ಬಿಲ್ಲ ನೋಡಿ ಟೈಮಿಂಗ್ ಬೆಲ್ಟ ಬದಲಿಸ್ಯಾರ ಅಂತ ಖಾತ್ರಿ ಮಾಡಿಕೊಂಡ. ಬಿಎಂಡಬ್ಲ್ಯುಕ್ಕ ಅದರ ಜಾಗಾದಾಗ ಚೈನ್ ಇರ್ತೈತಂತ, ಇದಕ್ಕ ಬೆಲ್ಟ. ಅದು ಹರದ್ರ ಇಂಜಿನ್ ಹಾಳು. ಆಮ್ಯಾಲ ಅಂವ ಒಂದ ಮಾತ ಹೇಳಿದ, ಅದನ್ನ ನಾ ಮರೀಲಿಲ್ಲ: "ಅಕ್ಕಾರ, ಗಾಡಿ ರೇಟ ಇಳಿತೈತಿ, ಪಾರ್ಟಿನ ರೇಟ ಇಳಿಯೂದಿಲ್ಲ." ಹೌದಲ್ಲ! ಹೊಸಾದಿದ್ದಾಗಿನ ಅರ್ಧಕ್ಕಿಂತ ಕಮ್ಮಿಗೆ ಗಾಡಿ ಸಿಗ್ತೈತಿ, ಆದ್ರ ಒಂದ ಲೈಟ ಒಡದ್ರ ಹೊಸಾ ಗಾಡಿ ಲೈಟಿನ ರೊಕ್ಕಾನ ಕೊಡಬೇಕು. ಅದಕ್ಕ ಎರಡ ಲಕ್ಷ ರಿಪೇರಿಗಂತ ಬ್ಯಾರೆ ಇಡಸಿದೆ. ಗಾಡಿ ಹದಿನಾಲ್ಕೂ ಕಾಲ ಲಕ್ಷಕ್ಕ ತೀರಿತು, ಉಳದದ್ದನ್ನ ಮಗ ಅಂಗಡಿ ರೊಕ್ಕದಾಗ ಹೊಂದಿಸಿದ. ಫಾರ್ಮ್ 29, 30 ಹಾಕಿ ನಮ್ಮ ಚಿಕ್ಕೋಡಿ ಆರ್‌ಟಿಓದಾಗ ಹೆಸರ ಬದಲಿ ಆತು. ರಿಜಿಸ್ಟ್ರೇಶನ್ 15 ವರ್ಷದ್ದು, 2030ರತನಕಾ ಚಿಂತಿಲ್ಲ.

ಕುಂದೂ ಹೇಳ್ತೀನಿ. ಭಾಳ ತಗ್ಗ ಗಾಡಿ. ನಮ್ಮ ಅತ್ತಿಯವರು ಒಳಗ ಕುಂತ್ರು, ಇಳಿಯಾಕ ಇಬ್ಬರು ಕೈ ಹಿಡಿಬೇಕಾತು. "ಇದರಕಿಂತ ಟ್ರ್ಯಾಲಿ ಚಲೋ" ಅಂದ್ರು. ಕಬ್ಬಿನ ಸೀಜನ್ದಾಗ ಹೊಲದ ರಸ್ತೆ ಕೊರಕಲಿನ್ಯಾಗ ತಳಾ ಕೆರೀತೈತಿ, ಅದಕ್ಕ ಹೊಲಕ್ಕ ಪಿಕಪ್ಪ.

ಮಗ ಎಂಟ ದಿನ ಮಾರಿ ಗಂಟ ಹಾಕಿದ್ದ. ಆಮ್ಯಾಲ ಒಂದ ಮುಂಜಾನೆ ಗಾಡಿ ಒರಸೂದ ನೋಡಿದೆ. ಸೀಟಿನ ಬೆಲ್ಟ ಪೂರಾ ಜಗ್ಗಿ ಒರಸಾಕತ್ತಿದ್ದ. ನಾ ಏನೂ ಅನಲಿಲ್ಲ, ಅಂವಾನೂ ಏನೂ ಅನಲಿಲ್ಲ.

ನಿಮ್ಮ ಮನ್ಯಾಗ ಯಾರರೆ ಹಳೇ ಗಾಡಿ ತೊಗೊಳ್ಳಾಕತ್ತಿದ್ರ ಹೆಣ್ಣಮಕ್ಕಳೂ ಹೋಗ್ರಿ. ಕಾಜ ಏರಿಸಿ ವಾಸನಿ ನೋಡ್ರಿ, ಬೆಲ್ಟ ಜಗ್ಗರಿ, ಚಾಪಿ ಎತ್ರಿ, ಬಿಲ್ಲ ಕೇಳ್ರಿ. ಇನ್ಸೂರನ್ಸ್ ಮಾಡಿಸುವಾಗ ಇಂಜಿನ್‌ಗೆ ನೀರ ಹೊಕ್ರ ಪರಿಹಾರ ಕೊಡೂ ಜಾಸ್ತಿ ಕವರ್ ಸೇರಿಸ್ರಿ. ಗಾಡಿ ನೀರಾಗ ಸಿಕ್ಕ ನಿಂತ್ರ ಚಾಲೂ ಮಾಡಬ್ಯಾಡ್ರಿ, ಎಳಸರಿ. ಮತ್ತ ಎಲ್ಲಾ ನೋಡೂತನಕಾ ಸಂಚಗಾರ ಕೊಡಬ್ಯಾಡ್ರಿ.

ಹೆಣ್ಣ ಇನ್ನೂ ಕೂಡಿಲ್ರಿ. ರಾಯಬಾಗ ಕಡೆ ಒಂದ ಮನಿಗೆ ಆಡಿ ತೊಗೊಂಡ ಹೋಗಿದ್ವಿ, ಗಾಡಿ ಛಂದ ಐತಿ ಅಂದ್ರು, ಫೋನ್ ಮಾಡ್ತೀವಿ ಅಂದ್ರು. ನಿಮ್ಮ ಕಡೆ ಚಲೋ ಹುಡಗಿ ಇದ್ರ ತಿಳಸರಿ. ಹುಡುಗ ಸಿಟ್ಟಿನಾಂವ, ಆದ್ರ ಮಾತಿನಾಂವ. ತಿಂಗಳಾ ಐದನೇ ತಾರೀಖಿಗೆ ನನ್ನ ಹತ್ತ ಸಾವಿರ ನನ್ನ ಖಾತೆಕ್ಕ ಬರ್ತೈತಿ, ಇಲ್ಲೀತನಕಾ ಒಂದ ಕಂತೂ ತಪ್ಪಿಲ್ಲ.