ಮುಂಗಡದ ಲೆಕ್ಕ

ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಇಡಗುಂಜಿ ಮಹಾಗಣಪತಿಗೆ ಪಂಚಖಾದ್ಯ ಸಮರ್ಪಿಸಿ, ಪ್ರಸಾದದೊಡನೆ ಮನೆಗೆ ಬಂದಿದ್ದನು. ರಕ್ಷಣಾ ಉದ್ದಿಮೆಯೊಂದರ ಹಣಕಾಸು ನಿರ್ದೇಶಕ ಹುದ್ದೆಯ ಸಂದರ್ಶನ ಮುಗಿಸಿ ದೆಹಲಿಯಿಂದ ಮರಳಿದ್ದನು. ಬೆಂಗಳೂರಿನಲ್ಲಿ 1940ರಲ್ಲಿ ಆರಂಭವಾದ ಎಚ್‌ಎಎಲ್, 1954ರ ಬಿಇಎಲ್‌ಗಳಂತಹ ಕೇಂದ್ರೋದ್ಯಮಗಳ ಇಂತಹ ಹುದ್ದೆಗಳಿಗೆ ಹೆಸರು ಶಿಫಾರಸು ಮಾಡುವುದು ಸಾರ್ವಜನಿಕ ಉದ್ಯಮಗಳ ಆಯ್ಕೆ ಮಂಡಳಿ.

"ಸೇನೆ ಕೊಟ್ಟ ಮುಂಗಡದಿಂದ ಬೊಕ್ಕಸ ತುಂಬಿದೆ, ಇದು ಗಳಿಕೆಯೇ?" ಎಂದು ಕೇಳಿದರಂತೆ.

"ಅಲ್ಲ, ಹೊಣೆ. ಕರಾರಿನ ಕೆಲಸ ಪೂರೈಸಿದಷ್ಟೇ ಗಳಿಕೆ" ಎಂದನಂತೆ.

"ನೀವು ಹೇಳಿದ ಅಡಿಕೆಯ ಲೆಕ್ಕವೇ ನೆನಪಾಯಿತು, ಸರ್" ಎಂದಾಗ ನಾನು ಮೌನವಾದೆನು. ಮಂಡಿಯ ಮುಂಗಡವನ್ನು ಗಳಿಕೆಯೆಂದು ಬಗೆದು ಖರ್ಚು ಮಾಡಿದ ನನ್ನ ತಂದೆಯವರು, ಕೊಳೆರೋಗ ಬಂದ ವರ್ಷ ಅರ್ಧ ತೋಟ ಮಾರಿದ್ದರು. ತರಗತಿಯಲ್ಲಿ ಅದನ್ನು 'ಒಬ್ಬ ರೈತನ' ಲೆಕ್ಕವೆಂದಷ್ಟೇ ಹೇಳಿದ್ದೆನು. ಆ ರೈತ ಯಾರೆಂದು ಈಗ ಹೇಳಿದೆನು.

ಫಲಿತಾಂಶ ಇನ್ನೂ ಬಂದಿಲ್ಲ.