ಹತ್ತರ ನಾಣ್ಯ ಖೊಟ್ಟಿ ಅಲ್ರಿ, ಐದುನೂರರ ನೋಟು ನೋಡಿ ತಗೊಳ್ರಿ



ಈ ಸಲ ಬೆಳಿ, ಗೊಬ್ಬರದ ವಿಷಯ ಅಲ್ಲ. ಬೆಳಿ ಮಾರಿದ ಮ್ಯಾಲೆ ಕೈಗೆ ಬರೋ ರೊಕ್ಕದ ವಿಷಯ. ಸ್ವಲ್ಪ ಉದ್ದ ಐತಿ, ಪೂರ್ತಿ ಓದ್ರಿ.

ನಮ್ಮ ಮಸೂತಿ, ಕೊಲ್ಹಾರ, ಬಾಗೇವಾಡಿ ಕಡೆ ಹತ್ತು ರೂಪಾಯಿ ನಾಣ್ಯ ಕೊಟ್ರ "ಇದು ನಡಿಯಂಗಿಲ್ಲ" ಅಂತ ವಾಪಸ್ ಕೊಡೋದು ಎಷ್ಟೋ ವರ್ಷದಿಂದ ಐತಿ. ಯಾಕ ಅಂತ ಕೇಳಿದ್ರ ಒಬ್ಬಾವ "ರೂಪಾಯಿ ಚಿಹ್ನೆ ಇಲ್ಲ" ಅಂತಾನ. ಇನ್ನೊಬ್ಬಾವ "ಹತ್ತು ಗೆರಿ ಇದ್ದದ್ದು ಖರೆ, ಹದಿನೈದು ಗೆರಿ ಇದ್ದದ್ದು ಖೊಟ್ಟಿ" ಅಂತಾನ. ಎರಡೂ ಗಾಳಿಮಾತು. ರೂಪಾಯಿ ಚಿಹ್ನೆ ಬಂದದ್ದೇ 2010ರಾಗ, ನಾಣ್ಯದ ಮ್ಯಾಲೆ ಬಿದ್ದದ್ದು 2011ರಿಂದ. ಹತ್ತರ ನಾಣ್ಯ ಅದಕ್ಕಿಂತ ಮೊದಲೇ ಇತ್ತು. ಹಳೇ ನಾಣ್ಯದಾಗ ಆ ಚಿಹ್ನೆ ಎಲ್ಲಿಂದ ಬರಬೇಕ್ರಿ? ರಿಸರ್ವ್ ಬ್ಯಾಂಕ್ 2018ರ ಜನವರಿ 17ರಂದು ಸ್ಪಷ್ಟ ಹೇಳೈತಿ: ಹತ್ತರ ನಾಣ್ಯ 14 ನಮೂನಿ ಅದಾವು, ಹದಿನಾಲ್ಕೂ ನಡೀತಾವು. ಬ್ಯಾಂಕಿನವರೂ ಅವನ್ನ ತಗೋಬೇಕು ಅಂತ ಸೂಚನೆ ಐತಿ.

ಖೊಟ್ಟಿ ನಾಣ್ಯ ಇಲ್ಲೇ ಇಲ್ಲ ಅಂತ ನಾ ಅನ್ನಂಗಿಲ್ಲ. 2016ರಾಗ ದೆಹಲಿ ಕಡೆ ಅಂಥಾದ್ದೊಂದು ಕಾರ್ಖಾನೆ ಪೊಲೀಸರು ಹಿಡಿದಿದ್ರು. ಆದ್ರ ಒಂದು ಖೊಟ್ಟಿ ನಾಣ್ಯ ಬಂದ್ರ ಹೋಗೋದು ಹತ್ತು ರೂಪಾಯಿ. ಖರೇ ನಾಣ್ಯ ಬ್ಯಾಡ ಅಂದ್ರ ಬಡವರ ದುಡಿಮಿ ಹೋಗ್ತದ. ನಮ್ಮೂರಾಗ ಕಾಯಿಪಲ್ಯ ಮಾರೋ ಒಬ್ಬ ಅಜ್ಜಿ ಹತ್ರ ಡಬ್ಬಿ ತುಂಬ ಹತ್ತರ ನಾಣ್ಯ ಅದಾವು. ಗಿರಾಕಿ ಕೊಟ್ಟಿದ್ದು ತಗೊಂಡಾಳ, ಈಗ ಅಂಗಡ್ಯಾಗ ಎಣ್ಣಿ ಕೊಡವಲ್ಲರು. ಡಬ್ಬಿ ತುಂಬ ರೊಕ್ಕ ಇದ್ರೂ ಆಕಿ ಉದ್ರಿ ಕೇಳಬೇಕು.

ಅಂಗಡಿಯವರ ಮಾತೂ ಒಂದೈತಿ, ಹೇಳಿಬಿಡ್ತೀನಿ. 2011ರ ನಾಣ್ಯ ಕಾಯ್ದೆ ಪ್ರಕಾರ ಒಂದು ಸಲಕ್ಕ ಸಾವಿರ ರೂಪಾಯಿತನಕ ಅಷ್ಟೇ ನಾಣ್ಯದಾಗ ಕೊಡಬಹುದು. ಚೀಲ ತುಂಬ ಸುರಿದ್ರ ಬ್ಯಾಡ ಅನ್ನೋ ಹಕ್ಕು ಅವರಿಗೈತಿ. ಐದಾರು ನಾಣ್ಯಕ್ಕ ಬ್ಯಾಡ ಅನ್ನೋದು ಸರಿ ಅಲ್ಲ.

ಈಗ ಇನ್ನೊಂದು ಮಗ್ಗಲ ನೋಡ್ರಿ. ಹತ್ತರ ನಾಣ್ಯ ಮೂರು ಸಲ ತಿರುವಿ ಮುರುವಿ ನೋಡೋ ನಾವು, ಉಳ್ಳಾಗಡ್ಡಿ ಮಾರಿ ಐದುನೂರರ ಕಟ್ಟು ಬಂದ್ರ ಎಣಿಸಿ ಕಿಸೆದಾಗ ಇಟ್ಕೋತೀವಿ. ಎಣಿಸೋದು ಬ್ಯಾರೆ, ನೋಡೋದು ಬ್ಯಾರೆ. ಹೊಲದಾಗ ನಿಂತು ನೋಡಾಕ ಇಷ್ಟು ಸಾಕು:

1. ಎಡ ಬಲ ಅಂಚಿನಾಗ ಐದೈದು ಓರೆ ಗೆರಿ ಉಬ್ಬಿರ್ತಾವು. ಬೆರಳಿಗೆ ಹತ್ತತಾವು.
2. ನೋಟು ಓರೆ ಮಾಡಿದ್ರ ನಡುವಿನ ದಾರ ಹಸರಿನಿಂದ ನೀಲಿ ಆಗ್ತದ.
3. ಬಿಸಲಿಗೆ ಹಿಡಿದ್ರ ಖಾಲಿ ಜಾಗದಾಗ ಗಾಂಧೀಜಿ ಮುಖ ಕಾಣ್ತದ.
4. ನಂಬರಿನ ಅಂಕಿ ಎಡದಿಂದ ಬಲಕ್ಕ ದೊಡ್ಡದಾಗ್ತಾ ಹೋಗ್ತಾವು.

ಒಂದು ಗುರುತು ನೋಡಿ ಬಿಡಬ್ಯಾಡ್ರಿ, ನಾಲ್ಕೂ ನೋಡ್ರಿ. ಹೊತ್ತು ಮುಳುಗಿದ ಮ್ಯಾಲೆ ವ್ಯವಹಾರ ಬ್ಯಾಡ. ಗಾಡಿ ಹೋಗೋಕಿಂತ ಮೊದಲ, ಕೊಟ್ಟಾವ ಎದುರಿಗೆ ಇದ್ದಾಗಲೇ ನೋಡ್ರಿ. ಸಿಟ್ಟಾದ್ರ ಆಗಲಿ. ಅವರು ನಮ್ಮ ಉಳ್ಳಾಗಡ್ಡಿ ಚೀಲ ಬಿಚ್ಚಿ ನೋಡಂಗಿಲ್ಲೇನು?

ಖೊಟ್ಟಿ ನೋಟು ಬ್ಯಾಂಕಿಗೆ ಹೋದ್ರ ಅವರು ಠಸ್ಸೆ ಹೊಡೆದು ಇಟ್ಕೋತಾರ, ರಸೀದಿ ಕೊಡ್ತಾರ, ರೊಕ್ಕ ಕೊಡಂಗಿಲ್ಲ. ಒಂದು ಸಲಕ್ಕ ನಾಲ್ಕು ನೋಟಿನತನಕ ಇದ್ರ ತಿಂಗಳ ವರದಿಯೊಳಗ ಪೊಲೀಸರಿಗೆ ತಿಳಸ್ತಾರ. ಐದು ಅಥವಾ ಹೆಚ್ಚಿದ್ರ ಎಫ್‌ಐಆರ್ ಆಗ್ತದ. ಆದ್ದರಿಂದ ಇಂಥಾ ಕಟ್ಟು ಎಲ್ಲಿಂದ ಬಂತು ಅನ್ನೋದಕ್ಕ ಬಿಲ್ಲು, ಚೀಟಿ ಇಟ್ಕೊಂಡಿರ್ರಿ.

ಕಡೀ ಮಾತು. ಖೊಟ್ಟಿ ಅಂತ ಗೊತ್ತಾದ ಮ್ಯಾಲೆ "ನನಗ ಯಾರೋ ದಾಟಿಸಿದ್ರು, ನಾನೂ ದಾಟಸ್ತೀನಿ" ಅನ್ನೋರು ಅದಾರ. ಗೊತ್ತಿದ್ದು ನಡಿಸಿದ್ರ ಈಗಿನ ನ್ಯಾಯ ಸಂಹಿತೆ 179ನೇ ಕಲಮಿನಾಗ ಜೀವಾವಧಿ ತನಕ ಶಿಕ್ಷೆ ಐತಿ. ಕಾಯ್ದೆ ಇರಲಿ, ಅದನ್ನ ದಾಟಸೋದು ಯಾರಿಗೆ ಹೇಳ್ರಿ? ಕಣ್ಣು ಮಂದ ಇದ್ದೋರಿಗೆ, ಓದಾಕ ಬರದೋರಿಗೆ, ಸಂಜಿ ಸಂತ್ಯಾಗ ಕುಂತೋರಿಗೆ. ಆ ಐದುನೂರು ಅವರ ಎರಡು ದಿನದ ಕೂಲಿ ಇರ್ತದ.

ಖರೇ ನಾಣ್ಯ ತಗೊಳ್ರಿ, ಖೊಟ್ಟಿ ನೋಟು ನಿಮ್ಮಲ್ಲೇ ನಿಲ್ಲಸ್ರಿ. ನಿಮ್ಮ ಊರಾಗ ಹತ್ತರ ನಾಣ್ಯ ನಡೀತಾವೋ ಇಲ್ಲೋ ತಿಳಸ್ರಿ.